ಹಾಕಿದವನೇ ತೆಗೆಯಬೇಕು

ಬ್ರೆಡ್ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಖಾತ್ರಿ ಮೇಸ್ತ್ರಿ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಮಹಡಿಯ ಮ್ಯಾನೇಜರವರೆಗೆ ಎಲ್ಲರಿಗೂ ಗೊತ್ತು. ಯಾರಾದರೂ ಬಂದು ಕೆಲಸ ಮುಗಿಯಿತು ಎಂದರೆ ಅವನ ಬಾಯಿಂದ ಮೊದಲು ಹೊರಡುವ ಮಾತು "ಖಾತ್ರಿ ಮಾಡ್ಕೊಂಡ್ಯಾ?" ಎನ್ನುವುದು. ಮಾಡಿಕೊಂಡೆ ಎಂದರೂ ಬಿಡುವ ಆಸಾಮಿಯಲ್ಲ. ಎದ್ದು ಹೋಗಿ ತಾನೇ ಒಂದು ಸಲ ನೋಡಿ ಬರುತ್ತಿದ್ದ. ಮನೆಯಲ್ಲೂ ಅದೇ ಕತೆ. ಹೊರಗೆ ಹೊರಟರೆ ಗ್ಯಾಸ್ ಒಂದು ಸಲ, ನಲ್ಲಿ ಒಂದು ಸಲ, ಬಾಗಿಲು ಎರಡು ಸಲ. ಬೀದಿಯ ತಿರುವಿನವರೆಗೆ ಹೋದವನು ಹಿಂದಿರುಗಿ ಬಂದು ಬಾಗಿಲನ್ನು ಜಗ್ಗಿ ನೋಡಿದ್ದೂ ಉಂಟು. ಹೆಂಡತಿ ಅಷ್ಟು ಹೊತ್ತು ತಿರುವಿನಲ್ಲಿ ಕೈಚೀಲ ಹಿಡಿದು ನಿಂತಿರುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ನಿಂತು ನಿಂತು ಅವಳಿಗೂ ಅಭ್ಯಾಸವಾಗಿ ಹೋಗಿತ್ತು.

ಇಂಥವರನ್ನು ಕಂಡರೆ ನಗು ಬರುತ್ತದೆ, ನಿಜ. ಆದರೆ ಹಿಟ್ಟು ಕಲಸುವ ದೊಡ್ಡ ಯಂತ್ರದೊಳಗೆ ತಲೆ ಹಾಕಿ ಕೆಲಸ ಮಾಡಬೇಕಾದಾಗ ಪಕ್ಕದಲ್ಲಿ ಇಂಥವನೊಬ್ಬ ಇರಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಅವನು ರಿಪೇರಿ ಮಾಡಿದ ಯಂತ್ರದಿಂದ ಇಷ್ಟು ವರ್ಷಗಳಲ್ಲಿ ಒಬ್ಬನಿಗೂ ಒಂದು ಗೀರು ಗಾಯವಾಗಿರಲಿಲ್ಲ. ಈ ಮಾತನ್ನು ಅವನು ಬಾಯಿಬಿಟ್ಟು ಹೇಳಿಕೊಂಡವನಲ್ಲ. ಹೇಳುವವರು ಸುತ್ತ ಬೇಕಾದಷ್ಟು ಜನ ಇದ್ದರು. ಅವರು ಹೇಳುವಾಗ ಅವನು ಕೆಲಸವಿದ್ದವನ ಹಾಗೆ ಬೇರೆ ಕಡೆ ನೋಡುತ್ತಿದ್ದ, ಅಷ್ಟೇ. ಕಿವಿ ಮಾತ್ರ ಇಲ್ಲೇ ಇರುತ್ತಿತ್ತು.

ಅದೇ ರಿಪೇರಿ ವಿಭಾಗದಲ್ಲಿ ಅವನ ಕೈಕೆಳಗೆ ಆರು ವರ್ಷದಿಂದ ಇದ್ದವನು ಅವನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಇವನಿಗೆ ಕಾರ್ಖಾನೆ ಇಟ್ಟ ಹೆಸರು 'ಆಗುತ್ತೆ'. ಏನು ಹೇಳಿದರೂ "ಆಗುತ್ತೆ ಬಿಡಿ ಭಾವ" ಎಂದು ನಗುತ್ತಿದ್ದ. ಆಶ್ಚರ್ಯವೆಂದರೆ ಮುಕ್ಕಾಲು ಪಾಲು ಆಗಿಯೂ ಬಿಡುತ್ತಿತ್ತು. ಯಂತ್ರಕ್ಕೆ ಕಿವಿಗೊಟ್ಟು ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ. ಕೈಯಲ್ಲಿ ಅಂಥ ಕಸುಬು ಇತ್ತು, ಎದೆಯಲ್ಲಿ ಭಯ ಎನ್ನುವುದು ಲವಲೇಶವೂ ಇರಲಿಲ್ಲ. ಇಲ್ಲದಿದ್ದದ್ದು ನೆನಪು. ಊಟದ ಡಬ್ಬಿ ಬಸ್ಸಿನಲ್ಲಿ, ಕೊಡೆ ಕ್ಷೌರದಂಗಡಿಯಲ್ಲಿ, ಚಪ್ಪಲಿ ಯಾರದೋ ಮನೆಯ ಮುಂದೆ. ತನ್ನ ಮದುವೆಯ ದಿನ ತಾನೇ ಕಡೆಯವನಾಗಿ ಬಂದ ಮಹಾನುಭಾವ. ಅವನನ್ನು ಬೈಯಲು ಬಂದವರೂ ಕೊನೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತಿದ್ದರು. ಮೇಸ್ತ್ರಿಯೊಬ್ಬ ಮಾತ್ರ ಬೈದದ್ದನ್ನು ಪೂರ್ತಿ ಮಾಡುತ್ತಿದ್ದ.

ಅಲ್ಲಿ ಬೀಗದ ಪದ್ಧತಿ ಒಂದಿತ್ತು. ಯಂತ್ರ ಬಿಚ್ಚುವ ಮುಂಚೆ ಗೋಡೆಯ ಆಚೆಗಿನ ಸ್ವಿಚ್ ಕೋಣೆಗೆ ಹೋಗಿ ಕರೆಂಟು ಆರಿಸಬೇಕು. ಆಮೇಲೆ ಯಂತ್ರಕ್ಕೆ ಕೈ ಹಾಕುವ ಪ್ರತಿಯೊಬ್ಬನೂ ಆ ಸ್ವಿಚ್ಚಿಗೆ ತನ್ನದೇ ಆದ ಕೆಂಪು ಬೀಗವೊಂದನ್ನು ಹಾಕಿ, ಕೀಲಿಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ನಾಲ್ಕು ಜನ ಕೆಲಸಕ್ಕಿದ್ದರೆ ನಾಲ್ಕು ಬೀಗ. ಒಂದು ಉಳಿದರೂ ಸ್ವಿಚ್ ತಿರುಗುವುದಿಲ್ಲ. ಒಂದು ಬೀಗಕ್ಕೆ ಒಂದೇ ಕೀಲಿಕೈ, ಎರಡನೆಯದು ಇರಕೂಡದು. 'ಹಾಕಿದವನೇ ತೆಗೆಯಬೇಕು' ಎಂದು ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆದಿತ್ತು. ಕಾರ್ಖಾನೆಯ ಯಜಮಾನನೇ ಬಂದರೂ ಇನ್ನೊಬ್ಬರ ಬೀಗ ಮುಟ್ಟುವಂತಿಲ್ಲ. ಹಾಕಿದವನು ಮರೆತು ಹೋದರೆ ಅವನನ್ನು ಎಲ್ಲಿದ್ದರೂ ಹುಡುಕಿ ತರಬೇಕು.

ಮರೆಯುವವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಭಾಮೈದ ನಾಲ್ಕು ಸಲ ಬೀಗ ಬಿಟ್ಟು ಹೋಗಿದ್ದ. ಒಂದು ಸಲ ಚಹಾಕ್ಕೆ, ಎರಡು ಸಲ ಊಟಕ್ಕೆ, ಒಂದು ಸಲ ಸೀದಾ ಮನೆಗೇ. ಅವನು ಕಣ್ಣುಜ್ಜಿಕೊಂಡು ವಾಪಸು ಬರುವಷ್ಟರಲ್ಲಿ ಕಲಸಿಟ್ಟ ಹಿಟ್ಟೆಲ್ಲ ಹುಳಿ ಬಂದಿತ್ತು. ಪ್ರತಿ ಸಲವೂ ಮ್ಯಾನೇಜರು ಕರೆಸಿದ್ದು ಮೇಸ್ತ್ರಿಯನ್ನು. "ನಿಮ್ಮ ಸಂಬಂಧಿ ಅಲ್ವಾ" ಎಂಬ ಒಂದೇ ಮಾತು. ಮೇಸ್ತ್ರಿಗೆ ಅದು ಚರ್ಮ ಸುಲಿದ ಹಾಗಾಗುತ್ತಿತ್ತು.

ನಾಲ್ಕನೆಯ ಸಲದ ಮಾರನೆಯ ದಿನ ಅವನೊಂದು ಕೆಲಸ ಮಾಡಿದ. ಭಾಮೈದ ಕಾರ್ಖಾನೆಯ ಸ್ನಾನದ ಕೋಣೆಯಲ್ಲಿದ್ದಾಗ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯಿಂದ ಕೀಲಿಕೈ ತೆಗೆದುಕೊಂಡು, ಹಿಂದಿನ ಬೀದಿಯ ಕೀಲಿಕೈ ಅಂಗಡಿಗೆ ಹೋಗಿ, ಇನ್ನೊಂದು ಮಾಡಿಸಿಕೊಂಡು ಬಂದ. ಹತ್ತು ನಿಮಿಷದ ಕೆಲಸ. ಅಸಲಿಯನ್ನು ಅಂಗಿಯ ಅದೇ ಜೇಬಿಗೆ ಹಾಕಿದ. ನಕಲಿಯನ್ನು ಮನೆಯ ಕೀಲಿಕೈಗಳ ಗೊಂಚಲಿಗೆ ಸೇರಿಸಿದ. ಹೆಂಡತಿಗೂ ಹೇಳಲಿಲ್ಲ.

ಇದು ತಪ್ಪು ಎಂದು ಅವನಿಗೆ ಹೊಳೆಯಲೇ ಇಲ್ಲ. ಲೋಕದಲ್ಲಿ ಎರಡೇ ಬಗೆಯ ಜನ, ನೋಡಿಕೊಳ್ಳುವವರು ಮತ್ತು ನೋಡಿಕೊಳ್ಳದವರು ಎಂಬುದು ಅವನ ನಂಬಿಕೆ. ನಿಯಮಗಳನ್ನೆಲ್ಲ ಮಾಡಿರುವುದು ನೋಡಿಕೊಳ್ಳದವರಿಗಾಗಿ. ತಾನು ಸುತ್ತಲೂ ನೋಡಿ, ಒಳಗೆ ನೋಡಿ, ಯಾರೂ ಇಲ್ಲವೆಂದು ಕಂಡ ಮೇಲೆ ತಾನೇ ತೆಗೆಯುವುದು? ಹಾಗೆ ಎರಡು ಸಲ ತೆಗೆದಿದ್ದ ಕೂಡ. ಏನೂ ಆಗಿರಲಿಲ್ಲ. ಭಾಮೈದನಿಗೆ ತಾನು ಬೀಗ ಮರೆತಿದ್ದೆ ಎಂಬುದೇ ಗೊತ್ತಾಗಿರಲಿಲ್ಲ. ಎಲ್ಲವನ್ನೂ ಅನುಮಾನಿಸುವವನಿಗೆ ತನ್ನ ಅನುಮಾನದ ಮೇಲೆ ಮಾತ್ರ ಅನುಮಾನ ಬರುವುದಿಲ್ಲ ನೋಡಿ.

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಎರಡನೇ ನಂಬರಿನ ಯಂತ್ರದ ಕೆಲಸ ಮುಗಿಯಿತು. ಭಾವ ಭಾಮೈದ ಇಬ್ಬರೇ ಮಾಡಿದ್ದರು, ಸ್ವಿಚ್ಚಿನ ಮೇಲೆ ಎರಡೇ ಬೀಗ. ಮೇಸ್ತ್ರಿ ಟಾರ್ಚ್ ಹಿಡಿದು ಒಳಗೆ ಒಂದಲ್ಲ, ಮೂರು ಸಲ ನೋಡಿದ. ಭಾಮೈದ ಸಾಮಾನಿನ ಚೀಲ ಎತ್ತಿಕೊಂಡು ಕೈ ತೊಳೆಯುವ ಕಡೆಗೆ ಹೋದದ್ದನ್ನು ಕಣ್ಣಾರೆ ಕಂಡ. ಆಮೇಲೆ ಗೋಡೆ ಸುತ್ತಿಕೊಂಡು ಸ್ವಿಚ್ ಕೋಣೆಗೆ ಹೋದ. ತನ್ನ ಬೀಗ ತೆಗೆದ. ಭಾಮೈದನ ಬೀಗ ಅಲ್ಲೇ ತೂಗುತ್ತಿತ್ತು.

"ಇವನ ಹಣೆಬರಹವೇ ಇಷ್ಟು," ಎಂದುಕೊಂಡ. ಗೊಂಚಲಿನಿಂದ ಕೀಲಿಕೈ ಹುಡುಕಿ ಬೀಗ ತೆಗೆದ. ಅದಕ್ಕೆ ಅಂಟಿದ್ದ ಹಿಟ್ಟನ್ನು ತೋಳಿಗೆ ಒರೆಸಿ, ಬೀಗಗಳನ್ನು ತೂಗುಹಾಕುವ ಹಲಗೆಯಲ್ಲಿ ಹದಿನಾಲ್ಕನೇ ಕೊಕ್ಕೆಗೆ, ಅಂದರೆ ಭಾಮೈದನ ಕೊಕ್ಕೆಗೆ, ಹಾಕಿದ. ಸಾಮಾನು ಅದರದರ ಜಾಗದಲ್ಲಿ ಇರಬೇಕು, ಅದು ಅವನ ಸ್ವಭಾವ. ಸ್ವಿಚ್ ತಿರುಗಿಸಿ, ಖಾಲಿ ಓಡಿಸಿ ನೋಡಲು ಹಸಿರು ಗುಂಡಿ ಒತ್ತಿದ.

ಗೋಡೆಯ ಆಚೆಯಿಂದ ಕೂಗು ಕೇಳಿಸಿತು. ಮೇಸ್ತ್ರಿ ಕೆಂಪು ಗುಂಡಿಗೆ ಇಡೀ ಮೈ ಹಾಕಿ ಬಿದ್ದ. ಯಂತ್ರ ನಿಂತಿತು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಭಾಮೈದ ಯಂತ್ರದ ಕೆಳಗಿನ ಕಿಂಡಿಯ ಪಕ್ಕ ಮೊಣಕಾಲೂರಿ ಕೂತಿದ್ದ, ಅವನ ಬಲಗೈ ಒಳಗಿತ್ತು.

ಅವನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಮೇಸ್ತ್ರಿ ಕೈ ತೊಳೆಯಲು ಹೋದ. ಅಲ್ಲಿ ಕಟ್ಟೆಯ ಮೇಲೆ ಹಳೆಯ ಬಟ್ಟೆಯೊಂದು ಹಾಸಿತ್ತು. ಅದರ ಮೇಲೆ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ, ಬೆರಳಗಲದ ಅಂತರದಲ್ಲಿ ಜೋಡಿಸಿಟ್ಟಿದ್ದವು. ಹದಿನೇಳರ ಅಳತೆಯದು ಇತ್ತು, ಇಪ್ಪತ್ತೆರಡರದು ಇತ್ತು. ನಡುವೆ ಹತ್ತೊಂಬತ್ತರದರ ಜಾಗ ಖಾಲಿ ಇತ್ತು.

ಮೇಸ್ತ್ರಿಗೆ ಆ ಜಾಗ ನೋಡಿದ ಕೂಡಲೇ ಎಲ್ಲ ತಿಳಿಯಿತು. 'ಸಾಮಾನು ಎಣಿಸದೆ ಬೀಗ ಮುಟ್ಟಬೇಡ ಕಣೋ' ಎಂದು ಆರು ವರ್ಷದಿಂದ ಬಾಯಿ ನೋಯುವಷ್ಟು ಸಲ ಹೇಳಿದ್ದವನು ಅವನೇ. ಭಾಮೈದ ಒಂದು ದಿನವೂ ಎಣಿಸಿದ್ದನ್ನು ಕಂಡಿರಲಿಲ್ಲ. ಅಂದು ಎಣಿಸಿದ್ದ. ಒಂದು ಕಡಿಮೆ ಬಂದಿತ್ತು. ಹುಡುಕಲು ಹಿಂದಿರುಗಿದ್ದ, ಬೀಗ ಹಾಕಿಯೇ ಇದೆಯಲ್ಲ ಎಂಬ ಧೈರ್ಯದಿಂದ ಒಳಗೆ ಕೈ ಹಾಕಿದ್ದ. ಬೀಗವನ್ನು ಅವನು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದ. ಮೇಸ್ತ್ರಿ ಆ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿದ, ಬಟ್ಟೆಯನ್ನು ಮಡಿಸಿದ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡ. ಕಟ್ಟೆಯ ಮೇಲೆ ಸಾಮಾನು ಹರಡಿಕೊಂಡಿರಬಾರದು ಎಂದೇ ಅಥವಾ ಬೇರೆ ಯಾರೂ ನೋಡಬಾರದು ಎಂದೇ, ಅದು ಅವನಿಗೇ ಬಗೆಹರಿಯಲಿಲ್ಲ.

ಮಾರನೆಯ ದಿನ ವಿಚಾರಣೆ. ಸುರಕ್ಷತೆಯ ಅಧಿಕಾರಿ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು, ಲೆಕ್ಕದ ಮನುಷ್ಯರು. ಆದರೆ ಇಲ್ಲಿ ಲೆಕ್ಕ ಹಾಕುವಂಥದ್ದು ಏನಿತ್ತು? ಹದಿನಾಲ್ಕನೇ ಬೀಗ ಅದರ ಕೊಕ್ಕೆಯಲ್ಲಿತ್ತು, ಅದರ ಕೀಲಿಕೈ ಗಾಯಗೊಂಡವನ ಜೇಬಿನಲ್ಲಿತ್ತು. ಮನುಷ್ಯ ಎಂಥ ಮರೆಗುಳಿ ಎಂದು ಎಲ್ಲರಿಗೂ ಗೊತ್ತಿತ್ತು.

"ನೀವು ಹೋದಾಗ ನಿಮ್ಮ ಬೀಗ ಒಂದೇ ಇತ್ತು, ಅಲ್ವಾ ಮೇಸ್ತ್ರಿ?" ಎಂದು ಕೇಳುತ್ತಲೇ ಅವರು ಬರೆಯತೊಡಗಿದ್ದರು.

ಮೇಸ್ತ್ರಿ ಬಾಯಿ ತೆರೆದ.

"ಪಾಪ, ನೀವೇನು ಮಾಡ್ತೀರಿ. ನೀವು ಅಷ್ಟು ಬೇಗ ನಿಲ್ಲಿಸಿದ್ದಕ್ಕೆ ಜೀವ ಉಳೀತು," ಎಂದರು ತಲೆಯೆತ್ತದೆ.

ಮೇಸ್ತ್ರಿ ಬಾಯಿ ಮುಚ್ಚಿದ. ತಲೆ ತಾನಾಗಿಯೇ ಒಂದಿಷ್ಟು ಅಲ್ಲಾಡಿತು. ವಿಚಾರಣೆ ಅಷ್ಟಕ್ಕೇ ಮುಗಿಯಿತು.

ನಾಳೆ ಹೇಳೋಣ ಎಂದುಕೊಂಡ. ಮೊದಲು ಭಾಮೈದನಿಗೆ ಪ್ರಜ್ಞೆ ಬರಲಿ, ಅವನೇನು ಹೇಳುತ್ತಾನೋ ಕೇಳಿ, ಖಾತ್ರಿ ಮಾಡಿಕೊಂಡು ಹೇಳೋಣ. ಒಳ್ಳೆಯ ಗುಣವೇ ಮನುಷ್ಯನಿಗೆ ಅಡಗಿಕೊಳ್ಳುವ ಮೂಲೆಯಾಗುವುದು ಹೀಗೆ.

ಭಾಮೈದನಿಗೆ ಮೂರನೆಯ ದಿನ ಮಾತು ಬಂತು. ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ಹಾಸಿಗೆಯ ಒಂದು ಪಕ್ಕ ಅವನ ಹೆಂಡತಿ, ಇನ್ನೊಂದು ಪಕ್ಕ ಅಕ್ಕ, ಕಾಲ ಬಳಿ ಮೇಸ್ತ್ರಿ.

"ಭಾವ, ನೀವು ಟಾರ್ಚ್ ಹಿಡ್ಕೊಂಡು ನೋಡ್ತಿದ್ದಿದ್ದು ನೆನಪಿದೆ," ಎಂದ. "ಆಮೇಲೆ ಕಣ್ಣು ಬಿಟ್ಟಿದ್ದು ಇಲ್ಲೇ. ಮಧ್ಯದ್ದು ಏನೂ ಇಲ್ಲ. ನಾನೇ ಬೀಗ ತೆಗೆದು, ತೆಗೆದಿದ್ದನ್ನೇ ಮರೆತು ಒಳಗೆ ಕೈ ಹಾಕಿರ್ಬೇಕು. ನನ್ನ ತಲೆ ನಿಮಗೆ ಗೊತ್ತಲ್ಲ."

"ಎಷ್ಟು ಸಲ ಹೇಳಿದ್ರು ಇವರು ನಿನಗೆ," ಎಂದು ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಒಂದೇ ಒಂದು ಸಲ ಇವರ ಮಾತು ಕೇಳಬಾರದಿತ್ತಾ?"

ಮೇಸ್ತ್ರಿ ಹಾಸಿಗೆಯ ಕಬ್ಬಿಣದ ಸರಳನ್ನು ಹಿಡಿದು ನಿಂತಿದ್ದ. ಹೇಳಿದರೆ ಕೈ ಬರುತ್ತದೆಯೇ, ಈ ಸ್ಥಿತಿಯಲ್ಲಿ ಹೇಳಬೇಕೇ, ಇದೆಲ್ಲ ಮನಸ್ಸಿನಲ್ಲಿ ಸಾಲುಗಟ್ಟಿ ಬಂತು. ಅವೆಲ್ಲ ನೆಪ. ಅವನಿಗೆ ಹೆದರಿಕೆಯಾಗಿತ್ತು. ಇಪ್ಪತ್ತೆರಡು ವರ್ಷ ತಿರುವಿನಲ್ಲಿ ಕಾದು ನಿಂತ ಹೆಂಡತಿ ತನ್ನನ್ನು ಏನೆಂದುಕೊಂಡಾಳು ಎಂಬ ಹೆದರಿಕೆ. ತಾನು ನೋಡಿಕೊಳ್ಳುವವರ ಸಾಲಿನವನಲ್ಲ ಎಂದಾದರೆ ಆಮೇಲೆ ತಾನು ಯಾರು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ದಿನಗಳು ಉರುಳಿದವು. ಮನೆಯಲ್ಲಿ ಹೆಂಡತಿ ಅವನಿಗೇ ಸಮಾಧಾನ ಹೇಳುತ್ತಿದ್ದಳು. "ನೀವ್ಯಾಕೆ ಊಟ ಬಿಡ್ತೀರಿ? ನಿಮ್ಮ ಕಡೆಯಿಂದ ಏನು ಕಡಿಮೆ ಆಯ್ತು?" ಎನ್ನುತ್ತಿದ್ದಳು. ಆ ಮಾತಿಗಿಂತ ಕಪಾಳಕ್ಕೆ ಬಾರಿಸಿದ್ದರೆ ಮೇಲಾಗಿತ್ತು.

ಐವತ್ತೊಂದನೆಯ ದಿನ ಭಾನುವಾರ. ಬೆಳಗ್ಗೆ ಗಂಡಹೆಂಡತಿ ಭಾಮೈದನ ಮನೆಗೆ ಹೋದರು. ಎರಡನೇ ಮಹಡಿಯ ಎರಡು ಕೋಣೆಯ ಮನೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಮೆಟ್ಟಿಲು. ಗಾಯ ಒಣಗಿತ್ತು. ಭಾಮೈದ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿತಿದ್ದ. ನೋಡುವವರಿಗೆ ಸುಧಾರಿಸಿಕೊಂಡ ಹಾಗೇ ಇದ್ದ.

ಆದರೆ ಮಾತಿನ ಮಧ್ಯೆ ಎದ್ದು ಅಡುಗೆಮನೆಗೆ ಹೋದ. ಬಂದು ಕೂತ. ಎರಡು ನಿಮಿಷ ಬಿಟ್ಟು ಮತ್ತೆ ಎದ್ದ. "ಏನೋ ಅದು?" ಎಂದು ಮೇಸ್ತ್ರಿ ಕೇಳಿದ.

"ಗ್ಯಾಸ್," ಎಂದ. ಮೇಜಿನ ಮೇಲೆ ಚೀಟಿಗಳಿದ್ದವು, ಎಡಗೈಯ ಸೊಟ್ಟ ಅಕ್ಷರಗಳಲ್ಲಿ: ಗ್ಯಾಸ್ ಆರಿಸಿದೆ. ನಲ್ಲಿ ನಿಲ್ಲಿಸಿದೆ. ಮಾತ್ರೆ ತಗೊಂಡೆ. "ಬರೆದಿಟ್ರೂ ಬರೆದಿದ್ದು ಇವತ್ತೋ ನಿನ್ನೆಯೋ ಅಂತ ಅನ್ನಿಸುತ್ತೆ ಭಾವ. ನಿಮ್ಮ ಹಾಗೆ ಆಗ್ಬೇಕು ಅಂತ ನೋಡ್ತಿದ್ದೀನಿ. ಆದ್ರೆ ನಿಮಗೆ ಒಂದು ಸಲ ಹೋಗಿ ನೋಡಿದ್ರೆ ನೆಮ್ಮದಿ ಆಗುತ್ತೆ. ನನಗೆ ನೋಡಿದ್ಮೇಲೂ ನಂಬಿಕೆ ಬರಲ್ಲ."

ಮೂರು ವರ್ಷದ ಮಗಳು ಬಂದು ಅವನ ಮೊಣಕಾಲು ಹಿಡಿದು ಕೆಳಗೆ ಹೋಗೋಣ, ಬೀದಿ ನೋಡೋಣ ಎಂದು ಎಳೆಯತೊಡಗಿದಳು. ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಅತ್ತೆ ಜೊತೆ ಹೋಗು ಪುಟ್ಟಿ," ಎಂದ.

"ಎತ್ಕೊಳ್ಳೋ, ಒಂದು ಕೈಯಲ್ಲಿ ಆಗುತ್ತೆ," ಎಂದಳು ಅಕ್ಕ.

"ಕೈ ಆಗುತ್ತೆ ಅಕ್ಕ. ಎಲ್ಲಾದ್ರೂ ಕೂರಿಸಿ ಮರೆತು ಬಂದ್ಬಿಟ್ರೆ?" ಎಂದ. ನಗಲಿಲ್ಲ. ಐವತ್ತೊಂದು ದಿನದಿಂದ ಅವನು ಮಗಳನ್ನು ಒಬ್ಬನೇ ಎತ್ತಿಕೊಂಡು ಹೊಸ್ತಿಲು ದಾಟಿಲ್ಲ ಎಂದು ಅವನ ಹೆಂಡತಿ ಹೇಳಿದಳು. ಬುಧವಾರ ಕಾರ್ಖಾನೆಯಲ್ಲಿ ವರದಿಗೆ ಸಹಿ ಹಾಕಬೇಕಂತೆ, ಸ್ವಂತ ಅಜಾಗರೂಕತೆಯಿಂದ ಆದ ಅಪಘಾತ ಎಂದು. ಹಾಕುತ್ತೇನೆ ಎಂದಿದ್ದಾನೆ. ಇನ್ನು ಮುಂದೆ ನನ್ನನ್ನು ಯಾವ ಯಂತ್ರದ ಹತ್ತಿರವೂ ಬಿಡಬೇಡಿ, ಚೀಟಿ ಅಂಟಿಸುವ ಕಡೆ ಹಾಕಿ ಎಂದು ತಾನೇ ಕೇಳಿಕೊಂಡಿದ್ದಾನಂತೆ.

ಯಂತ್ರಕ್ಕೆ ಕಿವಿಗೊಟ್ಟು ಕಾಯಿಲೆ ಹೇಳುತ್ತಿದ್ದವನು. ಮೇಸ್ತ್ರಿ ಚಹಾದ ಲೋಟ ಹಿಡಿದು ಕೂತೇ ಇದ್ದ. ಈ ಮನುಷ್ಯ ಹೀಗೆ ಆಗಲಿ ಎಂದೇ ಅಲ್ಲವೇ ಆರು ವರ್ಷ ತಾನು ಬೈದದ್ದು? ಆದದ್ದನ್ನು ಈಗ ಕಣ್ಣಿಂದ ನೋಡಲಾಗಲಿಲ್ಲ. ಅಲ್ಲೇ ಹೇಳಿಬಿಡಬೇಕು ಎನ್ನಿಸಿತು, ಆದರೆ ಬಾಯಿಮಾತಿಗೆ ಅಲ್ಲಿ ಯಾರೂ ಬೆಲೆ ಕೊಡುವುದಿಲ್ಲ ಎಂದೂ ಅನ್ನಿಸಿತು. ಭಾವ ದೊಡ್ಡ ಮನಸ್ಸಿನವರು, ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದುಬಿಡುತ್ತಾರೆ. ತನ್ನ ಹೆಸರೇ ತನ್ನ ಮಾತಿಗೆ ಅಡ್ಡ ನಿಂತಿತ್ತು.

ಸೋಮವಾರ ಅವನು ಅಧಿಕಾರಿಯ ಕೋಣೆಗೆ ಹೋದ. ನಿಂತುಕೊಂಡೇ ಹೇಳಿದ. ಅವರು ಕನ್ನಡಕ ತೆಗೆದು ಅವನನ್ನು ನೋಡಿದರು.

"ಮೇಸ್ತ್ರಿ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಹೆಂಡತಿ ತಮ್ಮ. ಆದ್ರೆ ಹೀಗೆಲ್ಲ ಮೈಮೇಲೆ ಎಳ್ಕೊಂಡ್ರೆ ಅವರ ಕೈ ಬರುತ್ತಾ? ಹೋಗಿ, ಎರಡು ದಿನ ರಜೆ ತಗೊಳ್ಳಿ."

ಮೇಸ್ತ್ರಿ ಗೊಂಚಲಿನಿಂದ ಕೀಲಿಕೈಯೊಂದನ್ನು ಬಿಡಿಸಿ ಮೇಜಿನ ಮೇಲಿಟ್ಟ. "ಹದಿನಾಲ್ಕನೇ ಬೀಗ ತರಿಸಿ ಮೇಡಂ," ಎಂದ.

ಬೀಗ ಬಂತು. ಅವರೇ ಕೀಲಿಕೈ ಹಾಕಿ ತಿರುಗಿಸಿದರು. ತೆರೆಯಿತು. ಮುಚ್ಚಿ ಮತ್ತೊಮ್ಮೆ ತಿರುಗಿಸಿದರು. ಮತ್ತೆ ತೆರೆಯಿತು.

"ಇದನ್ನ ಯಾಕೆ ಮಾಡಿಸಿದ್ರಿ?"

"ಅವನ ಮೇಲೆ ನಂಬಿಕೆ ಇರ್ಲಿಲ್ಲ."

"ನಿಮ್ಮ ಬೀಗಕ್ಕೂ ಹೀಗೇ ಒಂದು ಮಾಡಿಸಿ ಅವರ ಕೈಲಿ ಕೊಟ್ಟಿದ್ರಾ?"

ಮೇಸ್ತ್ರಿಗೆ ಆ ಪ್ರಶ್ನೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕತ್ತು ಕೆಳಗಾಯಿತು. "ಇಲ್ಲ," ಎಂದ.

ಅವರು ಬೀಗವನ್ನು ಬದಿಗಿಟ್ಟರು. ಆಮೇಲೆ, "ನಿಮ್ಮನ್ನ ಸರಿಯಾಗಿ ಕೇಳ್ಬೇಕು ಅಂತ ನನಗೆ ಅವತ್ತು ಅನ್ನಿಸ್ಲೇ ಇಲ್ಲ. ನೀವು ಅಂದ್ಮೇಲೆ ಕೇಳೋದೇನು ಅಂತ ಬರ್ಕೊಂಡ್ಬಿಟ್ಟೆ," ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು, ಅದು ಯಾರ ಮೇಲೆಂದು ಹೇಳುವುದು ಕಷ್ಟ. ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದರು. ಈ ಸಲ ಒಂದೊಂದನ್ನೂ ಕೇಳಿ ಕೇಳಿ ಬರೆದರು. ಸ್ಪ್ಯಾನರುಗಳ ನಡುವಿನ ಖಾಲಿ ಜಾಗವನ್ನೂ ಬರೆದರು. ಮೇಸ್ತ್ರಿ ಸಹಿ ಹಾಕಿದ. "ನಾಳೆಯಿಂದ ಗೇಟಿನೊಳಗೆ ಬರೋ ಹಾಗಿಲ್ಲ, ಮುಂದಿನದ್ದು ಮೇಲಿನವರು ತೀರ್ಮಾನ ಮಾಡ್ತಾರೆ," ಎಂದರು. ಅವನು ಆಗಲಿ ಎಂದು ತಲೆಯಾಡಿಸಿ ಹೊರಬಂದ.

ಅಲ್ಲಿಂದ ನೆಟ್ಟಗೆ ಭಾಮೈದನ ಮನೆಗೆ ನಡೆದ. ಸಂಜೆ ಐದರ ಬಿಸಿಲು ಮೆಟ್ಟಿಲ ಮೇಲೆ ಇನ್ನೂ ಇತ್ತು. ಅವನ ಹೆಂಡತಿ ಅಂದು ತಮ್ಮನ ಮನೆಯಲ್ಲೇ ಇದ್ದಳು, ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಭಾಮೈದನ ಹೆಂಡತಿ ಕೂತುಕೊಳ್ಳಿ ಎಂದಳು. ಅವನು ಕೂರಲಿಲ್ಲ. ಬಾಗಿಲ ಬಳಿಯೇ ನಿಂತು, ಕೀಲಿಕೈ ಮಾಡಿಸಿದ್ದರಿಂದ ಹಿಡಿದು ಸ್ಪ್ಯಾನರು ಎತ್ತಿಟ್ಟದ್ದರವರೆಗೆ, ಇವತ್ತು ಆಫೀಸಿನಲ್ಲಿ ಬೀಗ ತೆರೆದು ತೋರಿಸಿದ್ದರವರೆಗೆ, ಎಲ್ಲವನ್ನೂ ಹೇಳಿದ. ಅಳಲಿಲ್ಲ, ಕ್ಷಮಿಸು ಎನ್ನಲಿಲ್ಲ. ಆ ಮಾತು ಕೇಳುವ ಹಕ್ಕು ತನಗಿಲ್ಲ ಎಂದು ಅನ್ನಿಸಿತ್ತು.

ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲಿ ನಿಂತಿತ್ತು. ಅವಳು ಅವನ ಕಡೆ ನೋಡಲಿಲ್ಲ.

ಭಾಮೈದ ನಿಧಾನವಾಗಿ ಎದ್ದು ನಿಂತ.

"ಬೀಗ ಇತ್ತಾ?" ಎಂದ.

"ಇತ್ತು."

"ನಾನು ತೆಗೆದಿರ್ಲಿಲ್ಲ."

"ಇಲ್ಲ. ನೀನು ತೆಗೆದಿರ್ಲಿಲ್ಲ."

"ಸಾಮಾನು ಎಣಿಸಿದ್ದೆ."

"ಎಣಿಸಿದ್ದೆ. ಸಾಲಾಗಿ ಇಟ್ಟಿದ್ದೆ. ನಾನಿಟ್ರೂ ಅಷ್ಟು ಚೆನ್ನಾಗಿ ಇಡ್ತಿರ್ಲಿಲ್ಲ."

ಭಾಮೈದನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಕಳೆದುಹೋದ ಮಗುವಿನ ಸುದ್ದಿ ಸಿಕ್ಕವನ ಹಾಗೆ ಅವನು ಬಾಯಿ ತೆರೆದು ಉಸಿರೆಳೆದುಕೊಂಡ. ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನಾನು ಮರೆತಿರ್ಲಿಲ್ಲ ಕಣೇ. ಮರೆತಿರ್ಲಿಲ್ಲ ನಾನು," ಎಂದ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲು ಇಲ್ಲದ ಬಲಗೈಯನ್ನೇ ಎತ್ತಿದ. ಆಮೇಲೆ ಎಡಗೈಯಿಂದ ಒರೆಸಿಕೊಂಡ.

ಸಿಟ್ಟು ಬಂದದ್ದು ಅದಾದ ಮೇಲೆ. ಅವನ ದನಿ ಏರಲೂ ಇಲ್ಲ.

"ಕೈ ಹೋಗಿದ್ದಕ್ಕೆ ನಾನು ಒಂದು ದಿನಾನೂ ಅತ್ತಿಲ್ಲ ಭಾವ. ನನ್ನ ತಲೆ ಕೆಟ್ಟಿದೆ, ನನ್ನನ್ನ ನಾನು ನಂಬೋ ಹಾಗಿಲ್ಲ ಅಂತ ದಿನಾ ಅತ್ತಿದ್ದೀನಿ. ಕೈಯದು ಒಂದು ಗಳಿಗೆ ತಪ್ಪು. ಅದನ್ನ ನಾನು ಇವತ್ತಲ್ಲ ನಾಳೆ ಮರೀತೀನಿ, ಮರೆಯೋದ್ರಲ್ಲಿ ನಾನು ಗಟ್ಟಿಗ. ಐವತ್ತೆರಡು ದಿನ ನೀವು ಬಂದು ಇಲ್ಲಿ ಚಹಾ ಕುಡಿದು ಹೋದ್ರಲ್ಲ, ಅದನ್ನ ಏನು ಮಾಡ್ಲಿ ಹೇಳಿ?"

ಭಾಮೈದ ಉತ್ತರಕ್ಕೆ ಕಾಯಲಿಲ್ಲ. ಒಳಗಿನ ಕೋಣೆಗೆ ಹೋದ, ಡಬ್ಬಿಯ ಮುಚ್ಚಳಗಳ ಜೊತೆ ಆಡುತ್ತಿದ್ದ ಮಗಳನ್ನು ಎಡಗೈಯಿಂದ ಬಾಚಿ ಎತ್ತಿ ಸೊಂಟಕ್ಕೆ ಏರಿಸಿಕೊಂಡ. ಚಪ್ಪಲಿ ಮೆಟ್ಟಿದ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಾಗಿಲು ದಾಟಿ, ಆ ಇಕ್ಕಟ್ಟಿನ ಮೆಟ್ಟಿಲನ್ನು ಒಬ್ಬನೇ ಇಳಿಯತೊಡಗಿದ.

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. "ನೀವು ಹೋಗಿ. ನಾನು ಬರಲ್ಲ," ಎಂದಳು ಅವಳು, ಬಟ್ಟೆಯ ಇನ್ನೊಂದು ಮಡಿಕೆ ಹಾಕುತ್ತ.

ಅವನು ಹೊರಗೆ ಬಂದ. ಕೆಳಗೆ ಬೀದಿಯಲ್ಲಿ ಭಾಮೈದ ಮಗಳನ್ನು ಎತ್ತಿಕೊಂಡು ಎಡಗಡೆಗೆ ಹೋಗುತ್ತಿದ್ದ, ಮಗು ಏನನ್ನೋ ತೋರಿಸಿ ತೋರಿಸಿ ಕೇಳುತ್ತಿತ್ತು. ಮೇಸ್ತ್ರಿ ಅವರು ತಿರುವು ದಾಟುವವರೆಗೆ ಮೆಟ್ಟಿಲ ಮೇಲೆಯೇ ನಿಂತಿದ್ದು, ಆಮೇಲೆ ಬಲಗಡೆಗೆ ನಡೆದ.